ಬಯಲುಸೀಮೆಯ ಬಿ.ಎ. ಅರ್ಥಶಾಸ್ತ್ರ

ಪಿಯುಸಿ ಫಲಿತಾಂಶ ಬಂದ ಮೇಲೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬಿ.ಎ.ಗೆ ಅರ್ಜಿ ಹಾಕುವ ಮಕ್ಕಳ ಮುಂದೆ ಮೂರಕ್ಷರದ ಕೆಲವು ಆಯ್ಕೆಗಳು ಬಂದು ನಿಲ್ಲುತ್ತವೆ: ಎಚ್‌ಇಪಿ, ಎಚ್‌ಇಎಸ್, ಎಚ್‌ಇಕೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಒಂದು ಗುಂಪು. ಕೊನೆಯ ವಿಷಯದ ಜಾಗದಲ್ಲಿ ಸಮಾಜಶಾಸ್ತ್ರ ಬಂದರೆ ಇನ್ನೊಂದು, ಕನ್ನಡ ಬಂದರೆ ಮತ್ತೊಂದು. ಅಕ್ಷರ ಯಾವುದೇ ಬದಲಾಗಲಿ, ನಡುವಿನ ಅರ್ಥಶಾಸ್ತ್ರ ಅಲ್ಲೇ ಇರುತ್ತದೆ. ಹೀಗಾಗಿ ಈ ಸೀಮೆಯಲ್ಲಿ ಅರ್ಥಶಾಸ್ತ್ರ ಓದುವವರ ಸಂಖ್ಯೆ ದೊಡ್ಡದು. ಅದನ್ನು ಬೇಕೆಂದೇ ಆರಿಸಿಕೊಂಡವರು ಮಾತ್ರ ಕಡಿಮೆ. ‘ಎಚ್‌ಇಪಿ ತಗಂಡ್ರೆ ಕೆಎಎಸ್‌ಗೆ ಅನುಕೂಲ ಆಗುತ್ತಂತೆ’ ಎಂದು ಯಾರೋ ಹೇಳಿರುತ್ತಾರೆ. ಇಲ್ಲವೇ ಊರಿನ ಅಕ್ಕ ಅದನ್ನೇ ಓದಿರುತ್ತಾಳೆ. ಅಪ್ಪ ಅಮ್ಮ ಕೇಳುವ ಪ್ರಶ್ನೆ ಒಂದೇ: ‘ಇದನ್ನ ಓದಿದ್ರೆ ಏನ್ ಸಿಗುತ್ತೆ?’

ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಳೆಯನ್ನೇ ನಂಬಿದ ಮನೆಯಿಂದ ಮಗ ಅಥವಾ ಮಗಳು ಮೂರು ವರ್ಷ ಹೊಲದ ಕೆಲಸ ಬಿಟ್ಟು ಕಾಲೇಜಿಗೆ ಹೋಗುವುದೆಂದರೆ ಆ ಮನೆಗೆ ಒಂದು ಕೂಲಿಯ ನಷ್ಟ. ಅರ್ಥಶಾಸ್ತ್ರ ಇದನ್ನು ಅವಕಾಶ ವೆಚ್ಚ ಎನ್ನುತ್ತದೆ. ಕಾಲೇಜಿಗೆ ಕಟ್ಟಿದ ಶುಲ್ಕ ಈ ವೆಚ್ಚದ ಸಣ್ಣ ಪಾಲು. ಬಿಟ್ಟುಕೊಟ್ಟ ದುಡಿಮೆಯೇ ದೊಡ್ಡ ಪಾಲು. ಪೋಷಕರಿಗೆ ಈ ಲೆಕ್ಕ ಪಾಠವಿಲ್ಲದೆಯೇ ಗೊತ್ತಿದೆ. ಗೊತ್ತಿಲ್ಲದಿರುವುದು ಲೆಕ್ಕದ ಆಚೆ ಬದಿಯಲ್ಲಿ ಏನಿದೆ ಎಂಬುದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ನಾಲ್ಕು ತಾಲ್ಲೂಕುಗಳಷ್ಟು ನಿಚ್ಚಳವಾಗಿ ಅರ್ಥಶಾಸ್ತ್ರದ ನಿಯಮಗಳು ಕಣ್ಣೆದುರು ನಡೆಯುವ ಜಾಗಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ. ಈರುಳ್ಳಿ, ಅಡಿಕೆ, ತೆಂಗು, ಬತ್ತಿದ ಬೋರು, ತೊಂಬತ್ತು ವರ್ಷ ತುಂಬದೆ ಉಳಿದ ಅಣೆಕಟ್ಟು, ನ್ಯಾಯಾಲಯ ನಿಲ್ಲಿಸಿದ ಗಣಿ, ಮುಚ್ಚಿದ ಸಕ್ಕರೆ ಕಾರ್ಖಾನೆ, ಎಲ್ಲವೂ ಇಲ್ಲಿವೆ. ಆದರೆ ನಮ್ಮ ತರಗತಿಗಳಲ್ಲಿ ಅರ್ಥಶಾಸ್ತ್ರವೆಂದರೆ ಬೇರೆಲ್ಲೋ ನಡೆದದ್ದನ್ನು ಬಾಯಿಪಾಠ ಮಾಡುವ ವಿಷಯವಾಗಿ ಉಳಿದಿದೆ. ಸ್ಮಿತ್‌ನ ಸಂಪತ್ತಿನ ವ್ಯಾಖ್ಯೆ, ಮಾರ್ಷಲ್‌ನ ಕಲ್ಯಾಣದ ವ್ಯಾಖ್ಯೆ, ರಾಬಿನ್ಸ್‌ನ ಕೊರತೆಯ ವ್ಯಾಖ್ಯೆ ಎಂದು ಮೊದಲ ತಿಂಗಳು ಕಳೆಯುತ್ತದೆ. ಬೇಡಿಕೆ ರೇಖೆ ಎಡದಿಂದ ಬಲಕ್ಕೆ ಇಳಿಯುತ್ತದೆ ಎಂದು ಚಿತ್ರ ಬರೆದು ಐದು ಅಂಕ ಪಡೆದವರಿಗೆ, ತಮ್ಮ ಅಪ್ಪ ಈರುಳ್ಳಿಯನ್ನು ಏಕೆ ಹೊಲದಲ್ಲೇ ಬಿಟ್ಟರು ಎಂಬುದಕ್ಕೂ ಆ ರೇಖೆಗೂ ಸಂಬಂಧವಿದೆ ಎಂದು ಯಾರೂ ಹೇಳಿರುವುದಿಲ್ಲ.

ಮೊದಲು ಪದವಿಯ ಸ್ವರೂಪ. ಈ ಜಿಲ್ಲೆಯ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. 2009ರಲ್ಲಿ ಅದು ಸ್ಥಾಪನೆಯಾಗುವ ಮೊದಲು ಕುವೆಂಪು ವಿಶ್ವವಿದ್ಯಾಲಯ, ಅದಕ್ಕೂ ಹಿಂದೆ ಮೈಸೂರು ವಿಶ್ವವಿದ್ಯಾಲಯ. ಚಿತ್ರದುರ್ಗದ ಹತ್ತಿರ ಗುಡ್ಡದರಂಗವ್ವನಹಳ್ಳಿಯಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಜ್ಞಾನಗಂಗೋತ್ರಿ ಇದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ಮತ್ತೆ ಮೂರು ವರ್ಷದ, ಮೂರು ಪ್ರಧಾನ ವಿಷಯಗಳ ಪದವಿಗೆ ರಾಜ್ಯ ಮರಳಿತು. ಈ ಮರಳುವಿಕೆಗೆ ದಾರಿ ಮಾಡಿದ್ದು ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ. ಆಯೋಗದ ಅಧ್ಯಕ್ಷರಾದ ಸುಖದೇವ್ ಥೋರಟ್ ಅವರು ಸ್ವತಃ ಅರ್ಥಶಾಸ್ತ್ರಜ್ಞರು. ಮೂರು ವರ್ಷಗಳ ಅಂತರದಲ್ಲಿ ಎರಡು ಸಲ ವ್ಯವಸ್ಥೆ ಬದಲಾದಾಗ ಪೆಟ್ಟು ಬಿದ್ದದ್ದು ಗ್ರಾಮಾಂತರ ಕಾಲೇಜುಗಳಿಗೆ. ಕನ್ನಡದ ಪಠ್ಯಪುಸ್ತಕ ಅಚ್ಚಾಗಿ ತಾಲ್ಲೂಕಿನ ಅಂಗಡಿಗೆ ಬರುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತಿತ್ತು. ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡ ವಿಭಾಗಗಳಲ್ಲಿ ಹೊಸ ಪತ್ರಿಕೆಗೆ ತಯಾರಾಗಲು ಯಾರಿಗೂ ಸಮಯ ಸಿಗಲಿಲ್ಲ.

ಪಠ್ಯಕ್ರಮ ಎಷ್ಟು ಸಲ ಬದಲಾದರೂ ತಿರುಳು ಅದೇ. ಒಬ್ಬ ರೈತ, ಒಂದು ಅಂಗಡಿ, ಒಂದು ಮಾರುಕಟ್ಟೆ ಹೇಗೆ ತೀರ್ಮಾನ ತೆಗೆದುಕೊಳ್ಳುತ್ತವೆ ಎಂದು ನೋಡುವ ಸೂಕ್ಷ್ಮ ಅರ್ಥಶಾಸ್ತ್ರ. ಇಡೀ ದೇಶದ ವರಮಾನ, ಹಣದುಬ್ಬರ, ನಿರುದ್ಯೋಗವನ್ನು ನೋಡುವ ಸಮಗ್ರ ಅರ್ಥಶಾಸ್ತ್ರ. ಹಣ ಮತ್ತು ಬ್ಯಾಂಕಿಂಗ್, ಸಾರ್ವಜನಿಕ ಹಣಕಾಸು, ಅಭಿವೃದ್ಧಿ, ಅಂತರರಾಷ್ಟ್ರೀಯ ವ್ಯಾಪಾರ, ಭಾರತದ ಆರ್ಥಿಕತೆ, ಕರ್ನಾಟಕದ ಆರ್ಥಿಕತೆ. ಇವುಗಳ ಜೊತೆಗೆ ಒಂದಿಷ್ಟು ಗಣಿತ, ಸಂಖ್ಯಾಶಾಸ್ತ್ರ. ಕೊನೆಯ ಎರಡನ್ನು ನಮ್ಮ ಮಕ್ಕಳು ಹೆದರಿಕೆಯಿಂದ ನೋಡುತ್ತಾರೆ. ಅದರ ಮಾತು ಮುಂದೆ ಬರುತ್ತದೆ.

ಈಗ ಈರುಳ್ಳಿ. ಚಿತ್ರದುರ್ಗ ಜಿಲ್ಲೆ ರಾಜ್ಯದ ಮುಖ್ಯ ಈರುಳ್ಳಿ ಸೀಮೆಗಳಲ್ಲೊಂದು. ಮುಂಗಾರಿನಲ್ಲಿ ಬಿತ್ತಿ, ದಸರಾ ದೀಪಾವಳಿಯ ಆಸುಪಾಸಿನಲ್ಲಿ ಕಿತ್ತು, ಲಾರಿಗೆ ಹೇರಿ ಬೆಂಗಳೂರಿನ ಯಶವಂತಪುರದ ಮಾರುಕಟ್ಟೆಗೆ ಕಳಿಸುವುದು ಇಲ್ಲಿನ ರೂಢಿ. ಒಂದು ವರ್ಷ ಒಳ್ಳೆಯ ಬೆಲೆ ಸಿಕ್ಕಿತು ಎಂದುಕೊಳ್ಳಿ. ಮರುವರ್ಷ ಊರಿಗೆ ಊರೇ ಈರುಳ್ಳಿ ಬಿತ್ತುತ್ತದೆ. ಮಾಲು ಹೆಚ್ಚಾಗಿ ಬೆಲೆ ಕುಸಿಯುತ್ತದೆ. ಲಾರಿ ಬಾಡಿಗೆಯೂ ಹುಟ್ಟುವುದಿಲ್ಲವೆಂದು ಕೆಲವರು ಹೊಲದಲ್ಲೇ ಕುರಿ ಮೇಯಿಸುತ್ತಾರೆ. ಅದರ ಮುಂದಿನ ವರ್ಷ ಕೈ ಸುಟ್ಟುಕೊಂಡವರು ಮೆಕ್ಕೆಜೋಳಕ್ಕೆ ಹೋಗುತ್ತಾರೆ. ಈರುಳ್ಳಿ ಕಡಿಮೆಯಾಗಿ ಬೆಲೆ ಮತ್ತೆ ಏರುತ್ತದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಜೇಡರಬಲೆ ಸಿದ್ಧಾಂತ ಎಂಬ ಹೆಸರಿದೆ. ಆ ಹೆಸರು ಕೊಟ್ಟವರು 1934ರಲ್ಲಿ ನಿಕೊಲಸ್ ಕಾಲ್ಡಾರ್. ಕಾಗದದ ಮೇಲೆ ಬೇಡಿಕೆ, ಪೂರೈಕೆ ರೇಖೆಗಳ ನಡುವೆ ಒಂದು ವರ್ಷದ ಬೆಲೆಯಿಂದ ಮುಂದಿನ ವರ್ಷದ ಬೆಳೆಗೆ, ಆ ಬೆಳೆಯಿಂದ ಮತ್ತೊಂದು ಬೆಲೆಗೆ ಗೆರೆ ಎಳೆಯುತ್ತ ಹೋದರೆ ಬಲೆಯ ಆಕಾರ ಬರುತ್ತದೆ. ಮೂಲ ಕಾರಣ ಸರಳ: ಬಿತ್ತುವ ತೀರ್ಮಾನ ಕಳೆದ ವರ್ಷದ ಬೆಲೆಯನ್ನು ನೋಡಿ, ಮಾರುವುದು ಈ ವರ್ಷದ ಬೆಲೆಗೆ.

ಬೆಲೆ ಅಷ್ಟು ಆಳಕ್ಕೆ ಬೀಳುವುದೇಕೆ? ಅದಕ್ಕೆ ಸ್ಥಿತಿಸ್ಥಾಪಕತ್ವದ ಪಾಠ ಬೇಕು. ಈರುಳ್ಳಿ ಅಗ್ಗವಾಯಿತೆಂದು ಯಾರ ಮನೆಯಲ್ಲೂ ಎರಡರಷ್ಟು ಈರುಳ್ಳಿ ತಿನ್ನುವುದಿಲ್ಲ, ದುಬಾರಿಯಾಯಿತೆಂದು ಪೂರ್ತಿ ಬಿಡುವುದೂ ಇಲ್ಲ. ಕೊಳ್ಳುವ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಸ್ವಲ್ಪ ಹೆಚ್ಚು ಮಾಲು ಬಂದರೂ ಬೆಲೆ ಬಹಳ ಇಳಿಯಬೇಕಾಗುತ್ತದೆ. ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಒಬ್ಬ ರೈತನ ಬಳಿ 100 ಚೀಲ ಇದ್ದು ಚೀಲಕ್ಕೆ ₹1,000 ಸಿಕ್ಕರೆ ಕೈಗೆ ಬರುವುದು ₹1 ಲಕ್ಷ. ಮಳೆ ಚೆನ್ನಾಗಿ ಬಂದು ಎಲ್ಲರಂತೆ ಅವನಿಗೂ 120 ಚೀಲ ಆಯಿತು, ಬೆಲೆ ₹600ಕ್ಕೆ ಇಳಿಯಿತು. ಆಗ ಬರುವುದು ₹72,000. ಬೆಳೆ ಹೆಚ್ಚಾಗಿದೆ, ಆದಾಯ ಕಡಿಮೆಯಾಗಿದೆ. ಒಳ್ಳೆಯ ಮಳೆಗಾಲದಲ್ಲಿ ರೈತ ಸಾಲಗಾರನಾಗುವುದು ಹೇಗೆ ಎಂದು ಪಟ್ಟಣದವರು ಕೇಳುವ ಪ್ರಶ್ನೆಗೆ ಉತ್ತರ ಈ ಗುಣಾಕಾರದಲ್ಲಿದೆ. ಎರಡನೇ ಸೆಮಿಸ್ಟರ್‌ನ ವಿದ್ಯಾರ್ಥಿ ಇದನ್ನು ತನ್ನ ಮನೆಯ ಪಟ್ಟಿಚೀಟಿಯಿಂದಲೇ ಮಾಡಿ ತೋರಿಸಬಹುದು.

ಇದರ ಮೇಲೆ ಸರ್ಕಾರದ ಕೈಯೂ ಇದೆ. ಕೇಂದ್ರ ಸರ್ಕಾರ 2023ರ ಡಿಸೆಂಬರ್‌ 8ರಂದು ಈರುಳ್ಳಿ ರಫ್ತನ್ನು ನಿಷೇಧಿಸಿತು. 2024ರ ಮೇ ತಿಂಗಳಲ್ಲಿ ನಿಷೇಧ ತೆಗೆದರೂ ಶೇ 40ರ ರಫ್ತು ಸುಂಕ ಇತ್ತು. ಆ ಸೆಪ್ಟೆಂಬರ್‌ನಲ್ಲಿ ಅದು ಶೇ 20ಕ್ಕೆ ಇಳಿದು, 2025ರ ಏಪ್ರಿಲ್ 1ರಿಂದ ಪೂರ್ತಿ ಹೋಯಿತು. ದೆಹಲಿಯ ಗ್ರಾಹಕನಿಗೆ ಬೆಲೆ ಹಿಡಿತದಲ್ಲಿರಲಿ ಎಂಬುದು ಉದ್ದೇಶ. ಅದರ ಹೊರೆ ಬಿದ್ದದ್ದು ಬೆಳೆದವರ ಮೇಲೆ. ಇಂಥ ನಿರ್ಧಾರದಿಂದ ಯಾರಿಗೆ ಎಷ್ಟು ಲಾಭ, ಯಾರಿಗೆ ಎಷ್ಟು ನಷ್ಟ ಎಂದು ಲೆಕ್ಕ ಹಾಕುವುದು ಒಂದು ಕೆಲಸ. ಅದು ನ್ಯಾಯವೋ ಅಲ್ಲವೋ ಎಂದು ವಾದಿಸುವುದು ಇನ್ನೊಂದು ಕೆಲಸ. ಎರಡನ್ನೂ ಮಾಡಬೇಕು, ಆದರೆ ಒಂದರೊಳಗೆ ಇನ್ನೊಂದನ್ನು ಬೆರೆಸದೆ ಮಾಡಬೇಕು. ಈ ಶಿಸ್ತನ್ನು ಅರ್ಥಶಾಸ್ತ್ರದ ತರಗತಿ ಕಲಿಸಿದರೆ ಅಷ್ಟರಮಟ್ಟಿಗೆ ಪದವಿ ಸಾರ್ಥಕ.

ಹೊಳಲ್ಕೆರೆಯ ಕಡೆ ಹೋದರೆ ಅಡಿಕೆ. ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರ ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರು. ಮಾರುಕಟ್ಟೆಯ ದರಪಟ್ಟಿಯಲ್ಲಿ ರಾಶಿ, ಬೆಟ್ಟೆ, ಕೆಂಪುಗೋಟು, ಅಪಿ ಎಂದು ಬೇರೆ ಬೇರೆ ಸಾಲುಗಳಿರುತ್ತವೆ. ಒಂದೇ ಮರದ ಕಾಯಿ ಬಲಿತ ಹದದ ಮೇಲೆ, ಸಂಸ್ಕರಣೆಯ ಮೇಲೆ ಬೇರೆ ಸರಕಾಗಿ ಬೇರೆ ಬೆಲೆ ಪಡೆಯುತ್ತದೆ. ತೋಟದವರಲ್ಲಿ ಖೇಣಿ ಕೊಡುವ ಪದ್ಧತಿಯೂ ಇದೆ. ಕೊಯ್ಲಿಗೆ ಮೊದಲೇ ಮಾತಾಡಿಕೊಂಡ ಕರಾರಿಗೆ ಹಸಿ ಅಡಿಕೆಯನ್ನು ಖೇಣಿದಾರನಿಗೆ ಒಪ್ಪಿಸಿದರೆ ಕೊಯ್ಯುವ, ಸುಲಿಯುವ, ಬೇಯಿಸುವ ತಾಪತ್ರಯ ಅವನದು, ಬೆಲೆ ಏರಿಳಿತದ ಅಪಾಯದಲ್ಲೂ ಒಂದು ಪಾಲು ಅವನದು. ಅಪಾಯವನ್ನು ಕೈ ಬದಲಾಯಿಸಲು ಮಾಡಿಕೊಳ್ಳುವ ಮುಂಗಡ ಒಪ್ಪಂದಗಳ ಬಗ್ಗೆ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪೂರ್ತಿ ಒಂದು ಪತ್ರಿಕೆ ಓದಿಸುತ್ತಾರೆ. ಹೊಳಲ್ಕೆರೆಯ ಹುಡುಗ ಅದನ್ನು ಮನೆಯ ಜಗಲಿಯ ಮೇಲೆ ಕುಳಿತೇ ಕೇಳಿಸಿಕೊಂಡಿರುತ್ತಾನೆ. ವಿದೇಶಿ ಅಡಿಕೆ ಒಳಬರುವುದನ್ನು ತಡೆಯಲು ಕೇಂದ್ರ ಸರ್ಕಾರ 2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ ₹251ರಿಂದ ₹351ಕ್ಕೆ ಏರಿಸಿದ್ದು ಅಂತರರಾಷ್ಟ್ರೀಯ ವ್ಯಾಪಾರದ ಪಾಠಕ್ಕೆ ಸೇರಿದ್ದು.

ಅಡಿಕೆಯ ಹಿಂದೆಯೇ ಬೋರು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಈ ಸೀಮೆಯ ಅತಿ ದೊಡ್ಡ ಆರ್ಥಿಕ ದುರಂತ ನೆಲದಡಿಯಲ್ಲಿ ನಡೆಯುತ್ತಿದೆ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಅಂದರೆ ಬೋರು ಕೊರೆಸಿ ಮೋಟಾರು ಇಳಿಸಿದ ಮೇಲೆ ಇನ್ನೊಂದು ಗಂಟೆ ನೀರೆತ್ತಲು ರೈತನಿಗೆ ತಗಲುವ ಸೀಮಾಂತ ವೆಚ್ಚ ಸೊನ್ನೆಯ ಹತ್ತಿರ. ಸೀಮಾಂತ ವೆಚ್ಚ ಸೊನ್ನೆಯಾದರೆ ಬಳಕೆ ಎಲ್ಲಿ ನಿಲ್ಲುತ್ತದೆ ಎಂಬುದು ಪುಸ್ತಕದ ಪ್ರಶ್ನೆ. ಕರೆಂಟು ಹೋದಾಗ, ಇಲ್ಲವೇ ನೀರು ಹೋದಾಗ ಎಂಬುದು ಊರಿನ ಉತ್ತರ. ಪ್ರತಿಯೊಬ್ಬನಿಗೂ ತನ್ನ ತೋಟ ಉಳಿಸಿಕೊಳ್ಳುವುದು ಸರಿಯಾದ ತೀರ್ಮಾನವೇ. ಎಲ್ಲರ ಸರಿಯಾದ ತೀರ್ಮಾನಗಳೂ ಸೇರಿ ಊರಿನ ಅಂತರ್ಜಲ ಕೆಳಗಿಳಿಯುತ್ತದೆ. 400 ಅಡಿಯಲ್ಲಿದ್ದ ನೀರಿಗೆ 800 ಅಡಿ, ಆಮೇಲೆ ಸಾವಿರ ಅಡಿ. ಒಂದು ಬೋರು ಫೇಲಾದ ಮೇಲೆ ‘ಇಷ್ಟು ಹಾಕಿದೀವಿ, ಇನ್ನೊಂದು ಪಾಯಿಂಟ್ ನೋಡಿಸೋಣ’ ಎನ್ನುವಾಗ ನಡೆಯುವ ತಪ್ಪನ್ನೂ ಅರ್ಥಶಾಸ್ತ್ರ ಗುರುತಿಸಿದೆ. ಹಿಂದೆ ಹಾಕಿ ಕಳೆದುಕೊಂಡ ಹಣ ಮರಳುವುದಿಲ್ಲ. ಮುಂದಿನ ತೀರ್ಮಾನದಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಇದನ್ನು ಓದಿದ ಮಗಳು ಮನೆಯಲ್ಲಿ ಹೇಳಿದರೆ ಎಷ್ಟೋ ಕುಟುಂಬಗಳ ಮೂರನೇ ಬೋರಿನ ಸಾಲ ಉಳಿದೀತು.

ಹಂಚಿಕೊಂಡ ಸಂಪನ್ಮೂಲ ಹಾಳಾಗುವುದೇ ಅದರ ಹಣೆಬರಹ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದರು. ಹಾಗೇನಿಲ್ಲ, ಜನ ತಾವೇ ನಿಯಮ ಮಾಡಿಕೊಂಡು ಕೆರೆ, ಕಾಡು, ಮೀನುಗಾರಿಕೆಯನ್ನು ತಲೆಮಾರುಗಳ ಕಾಲ ಕಾಪಾಡಿದ್ದಾರೆ ಎಂದು ಲೋಕದ ಹಲವು ಊರುಗಳ ಪುರಾವೆ ತಂದು ತೋರಿಸಿದವರು ಎಲಿನಾರ್ ಆಸ್ಟ್ರಮ್. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ನಮ್ಮ ಕೆರೆಗಳಿಗೆ ನೀರಗಂಟಿ ಇದ್ದ, ತೂಬು ಎತ್ತುವ ದಿನ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಕಟ್ಟಳೆ ಇತ್ತು. ಬೋರಿಗೆ ಅಂಥ ಕಟ್ಟಳೆ ಏಕೆ ಹುಟ್ಟಲಿಲ್ಲ? ಕೆರೆಯ ನೀರು ಎಲ್ಲರಿಗೂ ಕಾಣುತ್ತದೆ, ಪಾತಾಳದ ನೀರು ಕಾಣುವುದಿಲ್ಲ ಎಂಬುದು ಉತ್ತರದ ಒಂದು ತುಣುಕು. ಉಳಿದ ತುಣುಕುಗಳನ್ನು ಹುಡುಕುವ ಕೆಲಸಕ್ಕೆ ಆಸ್ಟ್ರಮ್ ಓದಿದ, ಊರನ್ನೂ ಬಲ್ಲ ವಿದ್ಯಾರ್ಥಿ ಬೇಕು. ಬೆಂಗಳೂರಿನಿಂದ ಬರುವ ಸಂಶೋಧಕನಿಗಿಂತ ಅವನಿಗೆ ಅನುಕೂಲ ಹೆಚ್ಚು.

ಹಿರಿಯೂರಿನ ವಿದ್ಯಾರ್ಥಿಗಳ ಪಾಲಿಗೆ ಸಂಖ್ಯಾಶಾಸ್ತ್ರದ ದೊಡ್ಡ ಪಾಠ ವಾಣಿವಿಲಾಸ ಸಾಗರದಲ್ಲಿದೆ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಮುಗಿಯಿತು. ಸುಮಾರು 30 ಟಿಎಂಸಿ ಸಾಮರ್ಥ್ಯ, 130 ಅಡಿ ಪೂರ್ಣ ಮಟ್ಟ. ಅದು ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಸಲ 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ನಂತರ. ಆದರೆ ಮೂರನೆಯ ಸಲಕ್ಕೆ ಅಷ್ಟು ಕಾಯಬೇಕಾಗಲಿಲ್ಲ, 2025ರ ಜನವರಿಯಲ್ಲೇ ಕೋಡಿ ಹರಿಯಿತು. ಈ ಮೂರು ವರ್ಷಗಳನ್ನು ಹಿಡಿದು ಸರಾಸರಿ ತೆಗೆದರೆ ಬರುವ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಸರಾಸರಿ ಎಲ್ಲಿ ದಾರಿ ತಪ್ಪಿಸುತ್ತದೆ, ಏರಿಳಿತವನ್ನು ಅಳೆಯುವುದು ಹೇಗೆ, ಅಪರೂಪದ ಘಟನೆಯ ಸಂಭವನೀಯತೆ ಎಂದರೇನು, ಭದ್ರೆಯ ನೀರು ಇದೇ ಜಲಾಶಯಕ್ಕೆ ಹರಿಯತೊಡಗಿದ ಮೇಲೆ ಹಳೆಯ ಅಂಕಿಗಳು ಮುಂದಿನದಕ್ಕೆ ಎಷ್ಟು ನೆರವಾದಾವು, ಇವೆಲ್ಲ ಆ ಒಂದು ಜಲಾಶಯದ ಮಟ್ಟದ ದಾಖಲೆಯಿಂದ ಕಲಿಯಬಹುದು. ಸಂಖ್ಯಾಶಾಸ್ತ್ರದ ಪುಸ್ತಕದಲ್ಲಿ ಮಾತ್ರ ಇಂದಿಗೂ ಚೀಲದಿಂದ ಕೆಂಪು ಚೆಂಡು, ನೀಲಿ ಚೆಂಡು ತೆಗೆಯುವ ಲೆಕ್ಕಗಳೇ ಇರುತ್ತವೆ.

ಹಿರಿಯೂರಿನ ಸರ್ಕಾರಿ ಪದವಿ ಕಾಲೇಜಿನ ಹೆಸರು ವಾಣಿ ಸಕ್ಕರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಹಿರಿಯೂರಿನಲ್ಲಿ ವಾಣಿವಿಲಾಸ ಸಹಕಾರಿ ಸಕ್ಕರೆ ಕಾರ್ಖಾನೆ ಇತ್ತು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಕಾಲೇಜು ನಡೆಯುತ್ತಿದೆ. ಕಬ್ಬಿಗೆ ಬೇಕಾದ ನೀರು, ಕಾರ್ಖಾನೆಗೆ ಬೇಕಾದ ಕಬ್ಬು, ಸಹಕಾರ ಸಂಘದ ಆಡಳಿತ, ಸಾಲ, ಇವುಗಳಲ್ಲಿ ಯಾವುದು ಎಷ್ಟು ಕಾರಣವಾಯಿತು ಎಂದು ಅಲ್ಲಿನ ವಿದ್ಯಾರ್ಥಿಗಳು ಹಳೆಯ ಷೇರುದಾರ ರೈತರನ್ನು ಕೇಳಿ ಬರೆದರೆ ಅದಕ್ಕಿಂತ ಒಳ್ಳೆಯ ಕಿರು ಸಂಶೋಧನೆ ಇನ್ನೊಂದಿಲ್ಲ. ಕೇಳಬೇಕಾದವರಿಗೆ ವಯಸ್ಸಾಗುತ್ತಿದೆ, ಬೇಗ ಆಗಬೇಕು.

ಗಣಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ವರ್ಷಕ್ಕೆ ಇಷ್ಟೇ ಅದಿರು ಎಂಬ ಮಿತಿ ಹಾಕಿ ಮತ್ತೆ ಅವಕಾಶ ಕೊಟ್ಟಿತು. ಲಾರಿಯ ಧೂಳು ಕುಡಿದವರ ಶ್ವಾಸಕೋಶದ ವೆಚ್ಚ ಅದಿರಿನ ಬೆಲೆಯಲ್ಲಿ ಸೇರಿರಲಿಲ್ಲ. ಖಾಸಗಿ ವೆಚ್ಚ ಮತ್ತು ಸಾಮಾಜಿಕ ವೆಚ್ಚದ ನಡುವಿನ ಈ ಅಂತರವನ್ನು 1920ರಲ್ಲೇ ಪಿಗೂ ವಿವರಿಸಿದ್ದರು. ಇಂದು ಗಣಿಬಾಧಿತ ಊರುಗಳಿಗೆಂದು ಇರುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಯಾವ ಹಳ್ಳಿಗೆ, ಯಾವ ಕೆಲಸಕ್ಕೆ ಹೋಗುತ್ತಿದೆ ಎಂದು ಕೇಳುವ ಹಕ್ಕು ಹೊಳಲ್ಕೆರೆ, ಹೊಸದುರ್ಗದ ಪ್ರತಿ ವಿದ್ಯಾರ್ಥಿಗೂ ಇದೆ.

ಹೊಸದುರ್ಗದವರಿಗೆ ತಮ್ಮ ತಾಲ್ಲೂಕು ಪಠ್ಯದಲ್ಲೇ ಸಿಗುತ್ತದೆ. ಡಿ.ಎಂ. ನಂಜುಂಡಪ್ಪ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಕರ್ನಾಟಕ ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಗಳಾಗಿದ್ದವರು. ಪ್ರಾದೇಶಿಕ ಅಸಮಾನತೆ ಕುರಿತ ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 35 ಸೂಚಕಗಳನ್ನು ಕೂಡಿಸಿ ಅಂದಿನ 175 ತಾಲ್ಲೂಕುಗಳಿಗೂ ಒಂದೊಂದು ಸೂಚ್ಯಂಕ ಕಟ್ಟಿ, 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಹೊಸದುರ್ಗ ಆ 39ರಲ್ಲಿ ಒಂದು. ಪರೀಕ್ಷೆಗೆ 35, 175, 114, 39 ಎಂದು ಅಂಕಿ ನೆನಪಿಟ್ಟರೆ ಅಂಕ ಸಿಗುತ್ತದೆ. ಆದರೆ ಹೊಸದುರ್ಗದ ವಿದ್ಯಾರ್ಥಿ ಕೇಳಬೇಕಾದದ್ದು ಬೇರೆ: ಆ 35 ಸೂಚಕಗಳು ಯಾವುವು? ಒಂದೊಂದಕ್ಕೂ ಎಷ್ಟು ತೂಕ ಕೊಟ್ಟರು? ತೂಕ ಬದಲಿಸಿದರೆ ನಮ್ಮ ಸ್ಥಾನ ಬದಲಾಗುತ್ತದೆಯೇ? ಈ ಎರಡು ದಶಕಗಳಲ್ಲಿ ಯಾವ ಸೂಚಕ ಸುಧಾರಿಸಿದೆ? ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿದ್ದ ಮತ್ತೋಡು ಇರುವ ತಾಲ್ಲೂಕು ಹಿಂದುಳಿದದ್ದು ಹೇಗೆ? ಇದೇ ವಿಷಯಕ್ಕೆ ಸರ್ಕಾರ ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ಮಾಡಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವ ಒಂದು ತಂಡವಾದರೂ ಹೊಸದುರ್ಗದ ಕಾಲೇಜಿನಲ್ಲಿ ಇರಬೇಕು.

ಸಾರ್ವಜನಿಕ ಹಣಕಾಸಿಗೆ ಭದ್ರಾ ಮೇಲ್ದಂಡೆಗಿಂತ ಒಳ್ಳೆಯ ಪಾಠ ಬೇಡ. 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿಯಲ್ಲಿ ನೀರು ಕೊಡುವ ಗುರಿಯ ಈ ಯೋಜನೆಗೆ 2023-24ರ ಕೇಂದ್ರ ಬಜೆಟ್‌ನಲ್ಲಿ ₹5,300 ಕೋಟಿ ಘೋಷಣೆಯಾಯಿತು. ಆ ಹಣ ಬಂದಿಲ್ಲವೆಂದು ರಾಜ್ಯ ಸರ್ಕಾರ ದೂರುತ್ತಲೇ ಇದೆ. ಬಜೆಟ್ ಪುಸ್ತಕದಲ್ಲಿ ಅಂದಾಜು, ಪರಿಷ್ಕೃತ ಅಂದಾಜು, ನಿಜವಾದ ಖರ್ಚು ಎಂದು ಬೇರೆ ಬೇರೆ ಕಾಲಮುಗಳಿರುತ್ತವೆ. ಆ ಕಾಲಮುಗಳನ್ನು ಓದಲು ಬರುವವನಿಗೆ ವೇದಿಕೆಯ ಭಾಷಣ ಕೇಳಿ ತೀರ್ಮಾನಕ್ಕೆ ಬರುವ ಅಗತ್ಯವಿರುವುದಿಲ್ಲ. ಹಣ ಮತ್ತು ಬ್ಯಾಂಕಿಂಗ್ ಓದುವವರಿಗೆ ಚಿತ್ರದುರ್ಗ ಗ್ರಾಮೀಣ ಬ್ಯಾಂಕಿನ ಕಥೆ ಇದೆ. ಅದು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನೊಳಗೆ ಸೇರಿ, 2013ರಲ್ಲಿ ಪ್ರಗತಿ ಕೃಷ್ಣ ಆಗಿ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಚಿತ್ರದುರ್ಗದ ಚಂದ್ರವಳ್ಳಿ ಕಣಿವೆ ಇದೆ. ಎಸ್‌ಜೆಎಂ ಕಾಲೇಜಿನ ವಿಳಾಸವೇ ಚಂದ್ರವಳ್ಳಿ. ಅಲ್ಲಿನ ಮಣ್ಣಿನಲ್ಲಿ ಶಾತವಾಹನರ ಸೀಸದ ನಾಣ್ಯಗಳ ಜೊತೆ ರೋಮಿನ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಎರಡು ಸಾವಿರ ವರ್ಷದ ಹಿಂದೆ ಈ ಕಣಿವೆಗೆ ವಿದೇಶಿ ವಿನಿಮಯ ಬರುತ್ತಿತ್ತು.

ಇಷ್ಟೆಲ್ಲ ಇದ್ದೂ ನಮ್ಮ ಪದವೀಧರರು ಏಕೆ ಹಿಂದೆ ಬೀಳುತ್ತಾರೆ? ನನಗೆ ಕಾಣುವ ಮೊದಲ ಗೋಡೆ ಗಣಿತ. ಕಲಾ ವಿಭಾಗಕ್ಕೆ ಬರುವ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಕೈಮುಗಿದು ಬಂದವರು. ಪಿಯುಸಿಯಲ್ಲಿ ಅದರ ಮುಖ ನೋಡುವುದಿಲ್ಲ. ಪದವಿಯಲ್ಲಿ ಇಳಿಜಾರು, ಅವಕಲನ, ಸಹಸಂಬಂಧ ಎದುರಾದಾಗ ಮೇಷ್ಟ್ರು ‘ಇದು ಪರೀಕ್ಷೆಗೆ ಎರಡು ಪ್ರಶ್ನೆ ಅಷ್ಟೇ’ ಎಂದು ಸಮಾಧಾನ ಹೇಳುತ್ತಾರೆ. ಆದರೆ ದೇಶದ ದೊಡ್ಡ ಅರ್ಥಶಾಸ್ತ್ರ ಸಂಸ್ಥೆಗಳ ಎಂ.ಎ. ಪ್ರವೇಶ ಪರೀಕ್ಷೆಗಳಲ್ಲಿ ಕೇಳುವುದು ಬಹುಪಾಲು ಆ ಗಣಿತವನ್ನೇ. ಬೆಂಗಳೂರಿನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ 2017ರಲ್ಲಿ ಶುರುವಾಯಿತು. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) ನಾಗರಬಾವಿಯಲ್ಲಿದೆ. ಅಂಬೇಡ್ಕರ್ ಹೆಸರಿನ ಆ ಸಂಸ್ಥೆಯೊಳಗೆ ಮೊಳಕಾಲ್ಮೂರಿನ, ಹೊಸದುರ್ಗದ ಮಕ್ಕಳು ಹೆಚ್ಚು ಸಂಖ್ಯೆಯಲ್ಲಿ ಕೂರಬೇಕಾದರೆ ಈ ಗೋಡೆ ದಾಟಿಸಬೇಕು. ಹತ್ತನೇ ತರಗತಿಯ ಗಣಿತದ ಬುಡದಿಂದ ಶುರುಮಾಡಿ, ದಿನಕ್ಕೊಂದು ಗಂಟೆ, ಒಂದು ವರ್ಷ ಕೂತರೆ ಇದು ಸಾಧ್ಯ. ಅದಕ್ಕೆ ವಿಶೇಷ ಪ್ರತಿಭೆ ಬೇಡ, ಹೇಳಿಕೊಡುವವರು ಬೇಕು.

ಎರಡನೆಯದು ಪುಸ್ತಕ. ಕನ್ನಡದಲ್ಲಿ ಅರ್ಥಶಾಸ್ತ್ರ ಬರೆದವರು ಇಲ್ಲವೆಂದಲ್ಲ. ಎಚ್.ಆರ್. ಕೃಷ್ಣಯ್ಯಗೌಡರ ಪಠ್ಯಗಳನ್ನು ತಲೆಮಾರುಗಳು ಓದಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿದ್ದ ಟಿ.ಆರ್. ಚಂದ್ರಶೇಖರ ಅವರು ಪ್ರಾದೇಶಿಕ ಅಸಮಾನತೆ, ಲಿಂಗ ಸಂಬಂಧಗಳ ಬಗ್ಗೆ ಕನ್ನಡದಲ್ಲೇ ಗಂಭೀರವಾಗಿ ಬರೆದಿದ್ದಾರೆ. ಆದರೂ ವಿದ್ಯಾರ್ಥಿಯ ಕೈಯಲ್ಲಿ ಇರುವುದು ಗೈಡು ಮತ್ತು ಹಳೆಯ ಪ್ರಶ್ನೆಪತ್ರಿಕೆ. ಕನ್ನಡ ಮಾಧ್ಯಮದಲ್ಲಿ ಓದುವುದು ಕೊರತೆಯಲ್ಲ. ಮೂರು ವರ್ಷ ಗೈಡನ್ನು ಮಾತ್ರ ಓದುವುದು ಕೊರತೆ. ಕನ್ನಡದಲ್ಲಿ ವಿಷಯ ಗಟ್ಟಿಮಾಡಿಕೊಂಡು, ಜೊತೆಗೆ ಇಂಗ್ಲಿಷಿನ ಒಂದು ಸರಳ ಪಠ್ಯವನ್ನು ನಿಘಂಟು ಇಟ್ಟುಕೊಂಡು ಅಧ್ಯಾಯವಾರು ಓದಿದವರು ಎಂ.ಎ.ಯಲ್ಲಿ ತಬ್ಬಿಬ್ಬಾಗುವುದಿಲ್ಲ.

ಅಪ್ಪ ಅಮ್ಮನ ಪ್ರಶ್ನೆಗೆ ಈಗ ನೇರ ಉತ್ತರ. ಬರೀ ಬಿ.ಎ. ಪ್ರಮಾಣಪತ್ರಕ್ಕೆ ಇಂದು ಕೆಲಸ ಸಿಗುವುದು ಕಷ್ಟ. ಪದವಿ ಮುಗಿಸಿ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ ₹3,000ದಂತೆ ಗರಿಷ್ಠ ಎರಡು ವರ್ಷ ಕೊಡುವ ಯೋಜನೆ ಸರ್ಕಾರಕ್ಕೆ ಬೇಕಾಯಿತು ಎಂಬುದೇ ಆ ಕಷ್ಟದ ಪುರಾವೆ. ಆದರೆ ಅರ್ಥಶಾಸ್ತ್ರವನ್ನು ಲೆಕ್ಕದ ಸಮೇತ ಕಲಿತವರಿಗೆ ದಾರಿಗಳಿವೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಹುದ್ದೆಗಳು, ಪಂಚಾಯತ್ ರಾಜ್ ಇಲಾಖೆ, ಸಹಕಾರ ಇಲಾಖೆ, ಬಿ.ಇಡಿ. ಮಾಡಿ ಶಿಕ್ಷಕ ವೃತ್ತಿ, ಎಂ.ಎ. ಮಾಡಿ ಕೆ-ಸೆಟ್ ಅಥವಾ ನೆಟ್ ಬರೆದು ಉಪನ್ಯಾಸಕ ವೃತ್ತಿ, ಸಮೀಕ್ಷೆ ನಡೆಸುವ ಸಂಸ್ಥೆಗಳ ಕ್ಷೇತ್ರಕಾರ್ಯ, ಕೆಎಎಸ್ ಎಲ್ಲಕ್ಕೂ ಈ ಓದು ನೆರವಾಗುತ್ತದೆ. ಸಾಮಾನ್ಯ ಅಧ್ಯಯನ ಪತ್ರಿಕೆಯ ಆರ್ಥಿಕತೆಯ ಭಾಗಕ್ಕೆ ಬೇರೆಯವರು ಕೋಚಿಂಗ್‌ಗೆ ದುಡ್ಡು ಕಟ್ಟುತ್ತಾರೆ, ಇವರು ಮೂರು ವರ್ಷ ತರಗತಿಯಲ್ಲೇ ಕೇಳಿರುತ್ತಾರೆ. ಕಂಪ್ಯೂಟರಿನಲ್ಲಿ ಎಕ್ಸೆಲ್ ಚೆನ್ನಾಗಿ ಬಂದರೆ ಈ ಪಟ್ಟಿ ಇನ್ನೂ ಉದ್ದವಾಗುತ್ತದೆ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ನಮ್ಮ ಬಿ.ಎ. ತರಗತಿಗಳು ನಿಂತಿರುವುದೇ ಹಳ್ಳಿಗಳಿಂದ ಬರುವ ಹುಡುಗಿಯರ ಮೇಲೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಬರುವ ಊರಿನ ಹುಡುಗಿಗೆ ಕಾಲೇಜಿನ ದಾರಿ ಖರ್ಚು ಇಲ್ಲವಾಯಿತು. ಖಾಸಗಿ ಬಸ್ಸನ್ನೇ ನಂಬಿದ ಊರುಗಳು ಈ ಜಿಲ್ಲೆಯಲ್ಲಿ ಹಲವಾರಿವೆ, ಅಲ್ಲಿಯವಳಿಗೆ ಆ ಅನುಕೂಲ ದಕ್ಕಲಿಲ್ಲ. ಎರಡು ಊರುಗಳ ಹಾಜರಿ ಪುಸ್ತಕ ಹೋಲಿಸಿದರೆ ಬಸ್ಸಿನ ದರ ಓದಿನ ಮೇಲೆ ಎಷ್ಟು ಪರಿಣಾಮ ಬೀರುತ್ತದೆ ಎಂದು ಅಳೆಯಬಹುದು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರಿಗೆ 2019ರಲ್ಲಿ ನೊಬೆಲ್ ತಂದ ಕೆಲಸವೂ ಇಂಥ ಹೋಲಿಕೆಯನ್ನು ಶಿಸ್ತಿನಿಂದ ಮಾಡಿದ್ದೇ. ಅದನ್ನು ಮಾಡಲು ಆ ಹುಡುಗಿಯರಿಗಿಂತ ಅರ್ಹರು ಯಾರು?

ಉಪನ್ಯಾಸಕರಲ್ಲಿ ನನ್ನ ಕೋರಿಕೆ ಇಷ್ಟೇ. ಸೆಮಿಸ್ಟರಿಗೆ ಒಂದು ದಿನವಾದರೂ ತರಗತಿಯನ್ನು ಎಪಿಎಂಸಿ ಯಾರ್ಡಿಗೆ, ಅಡಿಕೆ ಮಂಡಿಗೆ, ಕೊಬ್ಬರಿ ಖರೀದಿ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಕೃಷಿ ಮಾರಾಟ ವಾಹಿನಿಯ ಜಾಲತಾಣದಲ್ಲಿ ಮಾರುಕಟ್ಟೆವಾರು ದರಗಳು ಸಿಗುತ್ತವೆ. ಈರುಳ್ಳಿಯ ಹಲವು ವರ್ಷದ ದರವನ್ನು ಮಕ್ಕಳಿಂದಲೇ ಗ್ರಾಫ್ ಹಾಳೆಯಲ್ಲಿ ಬರೆಸಿ. ಪೋಷಕರಲ್ಲಿ ಕೋರಿಕೆ: ಮಗಳು ಪಟ್ಟಿಚೀಟಿ, ಸಾಲದ ಪಾಸ್‌ಬುಕ್ಕು ಕೇಳಿದರೆ ಕೊಡಿ, ಅವಳು ಓದುತ್ತಿರುವುದು ಅದನ್ನೇ. ಇನ್ನು ಈ ವರ್ಷ ಎಚ್‌ಇಪಿಗೋ ಎಚ್‌ಇಎಸ್‌ಗೋ ಸೇರುತ್ತಿರುವ ಮಕ್ಕಳೇ, ಸಾಂಖ್ಯಿಕ ಇಲಾಖೆ ಪ್ರಕಟಿಸುವ ‘ಚಿತ್ರದುರ್ಗ ಜಿಲ್ಲೆಯ ಅಂಕಿ ಅಂಶಗಳ ನೋಟ’ ಕನ್ನಡದಲ್ಲೇ ಇರುತ್ತದೆ. ಮಳೆ, ಬೆಳೆ, ಕೆರೆ, ಕೊಳವೆಬಾವಿ, ಬ್ಯಾಂಕು, ಶಾಲೆ ಎಲ್ಲವೂ ತಾಲ್ಲೂಕುವಾರು ಅದರಲ್ಲಿವೆ. ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಅದನ್ನು ತೆರೆದು ನಿಮ್ಮ ತಾಲ್ಲೂಕಿನ ಸಾಲನ್ನು ಓದಿ, ಅರ್ಥವಾಗದ್ದನ್ನು ತರಗತಿಯಲ್ಲಿ ಎದ್ದು ನಿಂತು ಕೇಳಿ.